ಬಾಳೆಹಣ್ಣಿನ ಮೇಲೆ ಬಿದ್ದ ತಪ್ಪು

ಕೂಸು ರಾಜಮಾಬಿಯ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿತ್ತು. ತಂಬಿಗೆಯ ನೀರಿಗೆ ಮೊದಲು ಮೊಣಕೈ ಅದ್ದಿ ನೋಡಿ, ಬಿಸಿ ಹದವಾಗಿದೆ ಅನ್ನಿಸಿದ ಮೇಲೆ ಬೆನ್ನಿನ ಮೇಲೆ ಸುರಿದಳು. ಹಚ್ಚಿದ ಕಡಲೆಹಿಟ್ಟು ಕರಗಿ ಬಚ್ಚಲ ಕಲ್ಲಿನ ಮೇಲೆ ಹಳದಿಯಾಗಿ ಹರಿಯಿತು. ಮೊದಲ ಎರಡು ತಂಬಿಗೆಗೆ ಕಿರುಚಿದ ಕೂಸು ಮೂರನೆಯದಕ್ಕೆ ಸುಮ್ಮನಾಗಿ, ಮುಷ್ಟಿ ಬಿಚ್ಚಿತು.

"ಅತ್ತಿದ್ದು ಚಲೋ ಆತು ಬಿಡು, ಎದಿ ಗಟ್ಟಿ ಆಗ್ತೈತಿ," ಎಂದಳು ಬಚ್ಚಲ ಬಾಗಿಲಲ್ಲಿ ಮೆತ್ತನೆಯ ಹಳೇ ಧೋತರ ಹಿಡಿದು ನಿಂತಿದ್ದ ರೇಣುಕವ್ವ. ಕೂಸು ಅವಳ ಮೊಮ್ಮಗಳು. ಹುಟ್ಟಿ ಇಪ್ಪತ್ತೆರಡು ದಿನವಾಗಿತ್ತು.

ಮಿಶ್ರಿಕೋಟಿಯ ಆ ಓಣಿಯಲ್ಲಿ ಮೂವತ್ತು ವರ್ಷಗಳಿಂದ ಹುಟ್ಟಿದ ಕೂಸುಗಳ ಪೈಕಿ ರಾಜಮಾಬಿಯ ಕಾಲ ಮೇಲೆ ಮಲಗದವು ಕಡಿಮೆ. ಗೌಡರ ಮನೆಯಾಗಲಿ, ನದಾಫರ ಮನೆಯಾಗಲಿ, ಹಡೆದ ಸುದ್ದಿಯ ಬೆನ್ನಿಗೇ ಅವಳಿಗೆ ಕರೆ ಹೋಗುತ್ತಿತ್ತು. ಈಗ ಅರವತ್ತೆಂಟು ದಾಟಿತ್ತು. ನೆಲದಿಂದ ಏಳುವಾಗ ಗೋಡೆ ಹಿಡಿಯಬೇಕು. ಆದರೆ ಕೂಸು ಕಾಲ ಮೇಲೆ ಬಂದರೆ ಅವಳ ಕೈಗೆ ವಯಸ್ಸು ನೆನಪಿರುತ್ತಿರಲಿಲ್ಲ.

ಎರೆಯುವುದರಲ್ಲಿ ಕೊನೆಯ ಕೆಲಸ ಊದುವುದು. ಮೂಗಿನಲ್ಲಿ, ಕಿವಿಯಲ್ಲಿ ನೀರು ನಿಲ್ಲಬಾರದೆಂದು ಎರೆಯುವವಳು ಬಾಯಿ ಹಚ್ಚಿ ಫೂ ಎಂದು ಊದುತ್ತಾಳೆ. ಅಲ್ಲಿಗೆ ಎರೆದದ್ದು ಪೂರ್ತಿಯಾದಂತೆ. ರಾಜಮಾಬಿ ಕೂಸನ್ನು ಅಂಗಾತ ಮಾಡಿಕೊಂಡಳು. ಮುಖ ತೊಳೆದಳು. ಆಮೇಲೆ ಊದದೆ, ಅರಿವೆಯ ಚುಂಗನ್ನು ಸುರುಳಿ ಮಾಡಿ ಮೂಗಿನ ಅಂಚನ್ನಷ್ಟೇ ಮೆಲ್ಲಗೆ ಒರೆಸಿದಳು.

"ಇವತ್ತೂ ಊದಲಿಲ್ಲ?" ರೇಣುಕವ್ವ ಕೇಳಿಯೇಬಿಟ್ಟಳು. "ನನ್ನ ಮಗನಿಗೆ ಎರದಾಗ ಶಂಖ ಊದಿದಂಗ ಊದ್ತಿದ್ದಿ. ಮೊಮ್ಮಗಳ ಪಾಳಿ ಬಂದಾಗ ಗಾಳಿ ಖಾಲಿ ಆತೇನ ಬೇ?"

"ವಯಸ್ಸಾತಲ್ಲ, ಉಸರು ಸಾಲೂದಿಲ್ಲ," ಎಂದಳು ರಾಜಮಾಬಿ.

"ಮಾತಿಗೆ ಸಾಲ್ತೈತಿ."

ರಾಜಮಾಬಿ ನಕ್ಕಂತೆ ಮಾಡಿದಳು. ಎರಡು ವರ್ಷಗಳಿಂದ ಅವಳು ಯಾವ ಕೂಸಿನ ಮೂಗಿಗೂ ಊದಿರಲಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಕೂಸಿಗೆ ಕುಂಚಿಗೆ ಕಟ್ಟಿ ತೊಟ್ಟಿಲಿಗೆ ಹಾಕುವಷ್ಟರಲ್ಲಿ ಸಾವಿತ್ರೆವ್ವ ಬಂದಳು. ರಾಜಮಾಬಿಯ ಮನೆಗೂ ಇವಳ ಮನೆಗೂ ನಡುವೆ ಒಂದೇ ಗೋಡೆ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಹತ್ತಿರ. ಇವಳಿಗೆ ಹಳೆಯ ದಮ್ಮು, ಮೇಲಿಂದ ಸಕ್ಕರೆ ಕಾಯಿಲೆ.

"ರಾಜಮಾ, ನಾಳೆ ಕಲಘಟಗಿಗೆ ಹೋಗೂಣು. ಆಧಾರ ಕಾರ್ಡ್ ಹುಡುಕಿ ಇಟ್ಕೋ," ಎಂದಳು ಕೂತುಕೊಳ್ಳುವ ಮೊದಲೇ. "ಡಾಕ್ಟರ್ ಬಾಯಾರು ಹೇಳ್ಯಾರ, ಮಳಿ ಹಿಡಿಯೂದ್ರೊಳಗ ಫ್ಲೂ ಸೂಜಿ ಮಾಡಿಸ್ಕೋ ಅಂತ. ಅರವತ್ತೈದು ದಾಟಿದಾರು, ದಮ್ಮು ಇದ್ದಾರು, ಸಣ್ಣ ಕೂಸು ಹಿಡಿಯಾರು, ಇವರಿಗೆಲ್ಲಾ ಬೇಕಂತ. ನೀ ದಿನಾ ಕೂಸು ಹಿಡ್ಯಾಕಿ. ನಡಿ."

"ಸೂಜಿ ಕೂಸುಗೋಳ್ಗೆ ಮಾಡಿಸ್ತಾರ, ಮುದುಕ್ಯಾರಿಗೆ ಯಾಕ?" ಎಂದು ರೇಣುಕವ್ವ ನಕ್ಕಳು.

"ನೀನೂ ಬಾ, ತಿಳಿತೈತಿ."

ರೇಣುಕವ್ವ ಒಳಗಿನಿಂದ ಬುಟ್ಟಿ ತಂದು ಇಬ್ಬರ ಮುಂದೆಯೂ ಬಾಳೆಹಣ್ಣು ಇಟ್ಟಳು. ಸಾವಿತ್ರೆವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಾ ಬಿಟ್ಟೇನಲ್ಲ."

"ಇನ್ನೂ ಬಿಟ್ಟೀಯೇನ? ಎರಡು ವರ್ಷಾತು."

"ಬಿಟ್ಟಿದ್ದು ಬಿಟ್ಟಂಗ," ಎಂದ ಸಾವಿತ್ರೆವ್ವ ಮಾತನ್ನು ಮಗಳ ಕಡೆ ತಿರುಗಿಸಿದಳು. "ಶೈಲಾಗ ಆರು ತಿಂಗಳು ನಡದಾವ. ಕುಬಸ ಮಾಡಿದ್ರೂ ತವರಿಗೆ ಕಳಸೂದಿಲ್ಲ ಅಂದಾಳ ನಮ್ಮ ಬೀಗತಿ. ನಿಮ್ಮ ಮನ್ಯಾಗ ಪಥ್ಯ ಕಾಯೂದಿಲ್ಲ, ನಿಮ್ಮ ಮಗಳಿಗೆ ನಾಲಿಗಿ ಹಿಡ್ಯಾಕ ಬರೂದಿಲ್ಲ, ಇಲ್ಲೇ ಹಡೀಲಿ ಅಂತ. ಆತು, ನಾನ ತಿರ್ಲಾಪುರಕ್ಕ ಹೋಗಿ ಬಾಣಂತನ ಮಾಡ್ತೇನಿ. ನೆಗಡಿ ಕೆಮ್ಮು ಹೊತ್ಕೊಂಡು ಹೋದೆ ಅಂತ ಇನ್ನೊಂದು ಮಾತು ಬರಬಾರ್ದು ನೋಡು, ಅದಕ್ಕ ಈ ಸೂಜಿ."

ಮುಂದಿದ್ದ ಹಣ್ಣನ್ನು ರಾಜಮಾಬಿಯೂ ಮುಟ್ಟಲಿಲ್ಲ.

ಎರಡು ವರ್ಷಗಳ ಹಿಂದಿನ ಶ್ರಾವಣದಲ್ಲಿ ಶೈಲಾ ಚೊಚ್ಚಲ ಬಾಣಂತನಕ್ಕೆ ತವರಿನಲ್ಲಿದ್ದಳು. ಗಂಡು ಕೂಸು. ಆಗ ಊರೆಲ್ಲ ಕೆಮ್ಮುತ್ತಿತ್ತು. ಒಂದು ಬೆಳಗ್ಗೆ ರಾಜಮಾಬಿ ಎದ್ದಾಗ ಮೈಯೆಲ್ಲ ಬಡಿಗೆಯಿಂದ ಹೊಡೆದಂತೆ ನೋಯುತ್ತಿತ್ತು. ಗಂಟಲು ಒಣಗಿ, ಹಣೆ ಕಾದಿತ್ತು. ಹೋಗಬಾರದೆಂದು ಒಂದು ಮನಸ್ಸು. ಒಂದು ದಿನ ಬಿಟ್ಟರೆ ಬೇರೆ ಯಾರನ್ನೋ ಕರೆದಾರು ಎಂದು ಇನ್ನೊಂದು ಮನಸ್ಸು. ಗುಳಿಗೆ ನುಂಗಿದಳು. ಬಾಯಿಯಲ್ಲಿ ಶುಂಠಿಯ ಚೂರು ಇಟ್ಟುಕೊಂಡು ಗೋಡೆಯಾಚೆಯ ಮನೆಗೆ ಹೋಗಿ ಎರೆದಳು. ದಿನದಂತೆ ಮೂಗಿಗೆ ಬಾಯಿ ಹಚ್ಚಿ ಊದಿದಳು. ಮರುದಿನವೂ ಹಾಗೆಯೇ ಮಾಡಿದಳು.

ಮೂರನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ಪಕ್ಕೆ ಸೆಳೆಯತೊಡಗಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಒಂಬತ್ತು ದಿನ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಮನೆಯಲ್ಲಿ ಯಾರಿಗಾದರೂ ಫ್ಲೂ ಬಂದಿತ್ತೇನು ಎಂದು ಅಲ್ಲಿಯ ಡಾಕ್ಟರು ಕೇಳಿದ್ದರು. ಸಾವಿತ್ರೆವ್ವ ಅಲ್ಲಿಂದಲೇ ರಾಜಮಾಬಿಗೆ ಫೋನ್ ಹಚ್ಚಿ, "ನಿನಗೇನರ ಜ್ವರ ಬಂದಿದ್ವೇನ?" ಎಂದಿದ್ದಳು. ರಾಜಮಾಬಿ ಆಗ ಹಾಸಿಗೆಯ ಮೇಲೆಯೇ ಇದ್ದಳು. "ಇಲ್ಲ ಬೇ," ಎಂದಿದ್ದಳು.

ಕೂಸು ಬದುಕಿತು. ಈಗ ಅದು ತಿರ್ಲಾಪುರದ ಹತ್ತಿ ಹೊಲದಲ್ಲಿ ಕುರಿಮರಿಗಳ ಹಿಂದೆ ಓಡುವ ಹುಡುಗ. ಉಳಿಯದೆ ಹೋದದ್ದು ಶೈಲಾಳ ಒಳ್ಳೆಯ ಹೆಸರು. ಅವಳ ಅತ್ತೆ ಮಲ್ಲಕ್ಕ ಕೂಸನ್ನು ನೋಡಲು ಬಂದಾಗ ತೊಟ್ಟಿಲ ಹಿಂದೆ ಬಾಳೆಹಣ್ಣಿನ ಸಿಪ್ಪೆ ಸಿಕ್ಕಿತ್ತು. ಬಾಣಂತಿ ಬಾಳೆಹಣ್ಣು ತಿಂದಳು, ಹಾಲು ಥಂಡಿಯಾಯಿತು, ಕೂಸಿನ ಎದೆಗೆ ಇಳಿಯಿತು ಎಂದು ಅವಳು ತೀರ್ಪು ಕೊಟ್ಟಳು. ಅದನ್ನು ಎಲ್ಲರೂ ಒಪ್ಪಿದರು. ಮಗಳು ಆಸೆಪಟ್ಟಳೆಂದು ಹಣ್ಣು ಕೊಟ್ಟ ಸಾವಿತ್ರೆವ್ವ ಎಲ್ಲರಿಗಿಂತ ಮೊದಲು ಒಪ್ಪಿದಳು. ಅವತ್ತಿನಿಂದ ಅವಳು ಬಾಳೆಹಣ್ಣು ಮುಟ್ಟಿಲ್ಲ. ತಿರ್ಲಾಪುರದ ಮನೆಯಲ್ಲಿ ಕೂಸು ಸೀನಿದರೂ ತಪ್ಪು ಶೈಲಾಳ ನಾಲಗೆಯ ಚಪಲಕ್ಕೇ ಬಂದು ನಿಲ್ಲುತ್ತಿತ್ತು.

ಜ್ವರ ಬಿಟ್ಟ ಮೇಲೆ ರಾಜಮಾಬಿ ಮಲ್ಲಕ್ಕನಿಗೆ ಪತ್ರ ಬರೆದಳು. ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಒಂದು ಪುಟ ತುಂಬಲು ಎರಡು ದಿನ ಹಿಡಿಯಿತು. ಲಕೋಟೆಗೆ ಹಾಕಿ, ವಿಳಾಸ ಬರೆದು, ಲೋಬಾನದ ಡಬ್ಬಿಯ ತಳದಲ್ಲಿ ಇಟ್ಟಳು. ನಾಳೆ ಹಾಕಿದರಾಯಿತು ಎಂದುಕೊಂಡಳು. ಜ್ವರದ ಮೈಯಲ್ಲಿ ಕೂಸಿಗೆ ಊದಿದವಳು ಎಂದು ಗೊತ್ತಾದರೆ ಮುಂದೆ ಯಾರು ತನ್ನ ಕಾಲ ಮೇಲೆ ಕೂಸು ಮಲಗಿಸುತ್ತಾರೆ? ನಾಳೆ ಎನ್ನುತ್ತ ಎರಡು ವರ್ಷ ಕಳೆಯಿತು. ಕೂಸಿಗೆ ಹೊಗೆ ಹಾಕಲು ಲೋಬಾನ ತೆಗೆದಾಗಲೆಲ್ಲ ಬೆರಳಿಗೆ ಕಾಗದ ತಾಗುತ್ತಿತ್ತು.

ಮರುದಿನ ಆಧಾರ ಕಾರ್ಡಿನ ಜೊತೆ ಆ ಲಕೋಟೆಯನ್ನೂ ಕೈಚೀಲಕ್ಕೆ ಹಾಕಿಕೊಂಡಳು. ಹಾಕಲೇಬೇಕೆಂದೇನೂ ಅಂದುಕೊಂಡಿರಲಿಲ್ಲ. ಡಬ್ಬಿಯಿಂದ ಹೊರಗೆ ಬಂದರೆ ಸಾಕು ಅನ್ನಿಸಿತ್ತು.

ಬಸ್ಸಿನಲ್ಲಿ ಸಾವಿತ್ರೆವ್ವ ದಾರಿಯುದ್ದಕ್ಕೂ ಮಾತಾಡಿದಳು. ಈ ಸೂಜಿ ಸರಕಾರಿ ದವಾಖಾನೆಯಲ್ಲಿ ಇರಲಿಲ್ಲ. ಕಲಘಟಗಿಯ ಡಾಕ್ಟರ್ ಬಾಯಿಯವರು ಮೊದಲೇ ಹೇಳಿ ತರಿಸಿಟ್ಟಿದ್ದರು. ಚಿಕ್ಕ ದವಾಖಾನೆ, ಗೋಡೆಗೆ ಹಚ್ಚಿದ ಬೆಂಚು, ನರ್ಸ್ ಹುಡುಗಿ ರೂಬಿನಾ. ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು.

"ಈಗ ಜ್ವರ ಏನರ ಅದಾವೇನ್ರಿ?" ಡಾಕ್ಟರ್ ಬಾಯಿ ಕಾಗದದ ಮೇಲೆ ಬರೆಯುತ್ತ ಕೇಳಿದರು. "ಹಿಂದ ಯಾವ್ದರ ಸೂಜಿಗೆ ಮೈ ಬಾತಿತ್ತೇನು? ಇಲ್ಲಾ? ಚಲೋ. ಹಿಂದ ಫ್ಲೂ ಬಂದಿತ್ತೇನು?"

"ಫ್ಲೂ ಅಂದ್ರ ಹ್ಯಾಂಗಿರ್ತೈತ್ರಿ?" ರಾಜಮಾಬಿ ಕೇಳಿದಳು.

"ಬರೇ ನೆಗಡಿ ಅಲ್ರಿ. ಒಮ್ಮಿಂದೊಮ್ಮೆಲೆ ಜ್ವರ ಏರ್ತಾವ. ಮೈ ಕೈ ಹೊಡದು ಹಾಕಿದಂಗ ಆಗ್ತೈತಿ. ಒಣ ಕೆಮ್ಮು. ಎದ್ದು ನಿಂತ್ರ ಕಾಲಾಗ ಜೀವ ಇರೂದಿಲ್ಲ."

"ಈಕಿಗೆಲ್ಲಿ ಜ್ವರ್ರಿ," ಎಂದಳು ಸಾವಿತ್ರೆವ್ವ ಕುಪ್ಪಸದ ತೋಳು ಮೇಲೇರಿಸುತ್ತ. "ಕಲ್ಲಿನಂಥ ಜೀವ. ಹಾಸಿಗಿ ಹಿಡಿಯಾಕಿ ಏನಿದ್ರೂ ನಾನ."

"ಬಂದಿತ್ರಿ," ಎಂದಳು ರಾಜಮಾಬಿ.

ಡಾಕ್ಟರ್ ಬಾಯಿ ತಲೆಯೆತ್ತಿದರು.

"ಎರಡು ವರ್ಷದ ಹಿಂದ, ಶ್ರಾವಣದಾಗ. ನೀವು ಹೇಳಿದಂಗ ಬಂದಿತ್ತು. ಜ್ವರ ಇಟ್ಕೊಂಡನ ಎರಡು ದಿನ ಈಕಿ ಮೊಮ್ಮಗನಿಗೆ ಎರದೆ. ಮೂಗಿಗೆ ಬಾಯಿ ಹಚ್ಚಿ ಊದಿದೆ. ಮೂರನೇ ದಿನಕ್ಕ ಕೂಸು ಜಡ್ಡಿಗೆ ಬಿತ್ತು."

ಸಾವಿತ್ರೆವ್ವನ ಕೈ ತೋಳಿನ ಮೇಲೆಯೇ ನಿಂತಿತು.

"ನಿಮ್ಮಿಂದನ ಬಂತು ಅಂತ ಈಗ ಹೇಳಾಕ ಬರೂದಿಲ್ರಿ," ಎಂದರು ಡಾಕ್ಟರ್ ಬಾಯಿ ನಿಧಾನವಾಗಿ. "ಊರಾಗ ಎಲ್ಲಾರಿಗೂ ಇತ್ತಂದ್ರ ಯಾರಿಂದರ ಬಂದಿರಬಹುದು. ಆದ್ರ ಇದು ಹರಡೂ ದಾರಿ ಇದ. ಉಸರು, ಕೆಮ್ಮು, ಬಾಯಿ. ಆರು ತಿಂಗಳೊಳಗಿನ ಕೂಸಿಗೆ ಈ ಸೂಜಿ ಮಾಡಾಕ ಬರೂದಿಲ್ಲ. ಅದಕ್ಕ ಕೂಸು ಹಿಡಿಯಾರು ಮಾಡಿಸ್ಕೋಬೇಕು. ಇದನ್ನ ಮಾಡಿಸ್ಕೊಂಡ್ರ ಫ್ಲೂ ಬರೂದ ಇಲ್ಲ ಅಂತಲ್ಲ. ಬಂದ್ರೂ ಜೋರು ಕಡಿಮಿ, ದವಾಖಾನಿಗೆ ಬೀಳೂದು ಕಡಿಮಿ. ಮೈಗೆ ಹತ್ತಾಕ ಎರಡು ವಾರ ಬೇಕು. ವರ್ಷಾ ವರ್ಷಾ ಮಾಡಿಸ್ಬೇಕು, ಯಾಕಂದ್ರ ಆ ಜಂತು ವರ್ಷಕ್ಕೊಂದು ವೇಷ ಹಾಕ್ತೈತಿ. ಮತ್ತ ಊದೂದು ಮಾತ್ರ ಯಾವಾಗೂ ಬ್ಯಾಡ. ಸೂಜಿ ಆದಮ್ಯಾಲೂ ಬ್ಯಾಡ."

"ಬಿಟ್ಟೇನ್ರಿ. ಅವಾಗಿಂದ ಬಿಟ್ಟೇನಿ."

ಸಾವಿತ್ರೆವ್ವ ಒಂದೇ ಪ್ರಶ್ನೆ ಕೇಳಿದಳು. "ಬಾಳಿಹಣ್ಣಿನಿಂದ ಬರ್ತೈತೇನ್ರಿ ಇದು?"

"ಯಾವ ಬಾಳಿಹಣ್ಣು?"

"ಬಾಣಂತಿ ತಿಂದ್ರ. ಕೂಸಿಗೆ."

"ಇಲ್ರಿ ಯವ್ವಾ. ಬಾಣಂತಿ ಏನ್ ತಿಂದ್ರೂ ಫ್ಲೂ ಬರೂದಿಲ್ಲ."

ಸಾವಿತ್ರೆವ್ವ ಹೂಂ ಎಂದಳು. ಎಡತೋಳನ್ನು ಮುಂದೆ ಹಿಡಿದಳು. ಸೂಜಿ ಒಳಗೆ ಹೋದಾಗ ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಆಮೇಲೆ ರಾಜಮಾಬಿಯ ಪಾಳಿ.

ಸೂಜಿ ಆದವರು ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂಡಬೇಕು ಎಂಬುದು ಆ ದವಾಖಾನೆಯ ನಿಯಮ. ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂಡುವಷ್ಟು ಜಾಗ ಬಿಟ್ಟು ಸಾವಿತ್ರೆವ್ವ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಬಾಗಿಲ ಕಡೆ ನಡೆದಳು.

"ಇನ್ನೂ ಹದಿನಾಲ್ಕು ನಿಮಿಷ ಐತ್ರಿ ಆಯಿ," ಎಂದಳು ರೂಬಿನಾ ಗಡಿಯಾರ ತೋರಿಸಿ. "ತಲಿ ತಿರುಗಿ ಬಿದ್ರ ನಮ್ಮ ಮ್ಯಾಲ ಬರ್ತೈತಿ."

ಸಾವಿತ್ರೆವ್ವ ತಿರುಗಿ ಬಂದು ಕೂತಳು. ಎದುರಿನ ಗೋಡೆ ನೋಡುತ್ತ ಕೇಳಿದಳು.

"ಫೋನ್ ಮಾಡಿ ಕೇಳಿದ್ನಲ್ಲ ನಾ."

"ಕೇಳಿದ್ದಿ."

"ಇಲ್ಲ ಅಂದಿ."

"ಅಂದೆ."

"ಎರಡು ವರ್ಷ ಬಾಜು ಮನ್ಯಾಗ ಕುಂತು ನೋಡಿದಿಯಲ್ಲ, ನಾ ಹಣ್ಣು ಬಿಟ್ಟಿದ್ದು. ಶೈಲಾ ಫೋನಿನ್ಯಾಗ ಅಳೂದು ಗ್ವಾಡಿ ದಾಟಿ ನಿನಗೂ ಕೇಳಿರಬೇಕು."

"ಕೇಳೈತಿ."

"ಮತ್ತ?"

ರಾಜಮಾಬಿ ತೋಳಿನ ಮೇಲಿನ ಹತ್ತಿಯನ್ನು ಒತ್ತಿ ಹಿಡಿದಿದ್ದಳು. "ಯಾರೂ ಕೂಸು ಕೊಡೂದಿಲ್ಲ ಅಂತ ಅಂಜಿದೆ ಸಾವಿತ್ರಿ. ಒಂದು ದಿನ ಅಂಜಿದೆ. ಒಂದು ದಿನ ಅಂಜಿದ ಮ್ಯಾಲ ಎರಡನೇ ದಿನ ಹೇಳೂದು ಇನ್ನೂ ಕಠಿಣ ಆತು. ನನಗ ಬ್ಯಾರೆ ಏನೂ ಬರೂದಿಲ್ಲ. ಎರಿಯೂದೊಂದ ಬರ್ತೈತಿ."

ಗಡಿಯಾರದ ಮುಳ್ಳು ನಡೆಯಿತು. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಇಬ್ಬರೂ ಎಷ್ಟೊಂದು ಮಂದಿಯ ಸುದ್ದಿ ಆಡಿ ಮುಗಿಸುತ್ತಿದ್ದರು. ಯಾವುದೋ ಹುಡುಗಿ ಕೆಮ್ಮುತ್ತ ಒಳಗೆ ಬಂದಳು. ರೂಬಿನಾ ಅವಳಿಗೊಂದು ಮಾಸ್ಕ್ ಕೊಟ್ಟು ದೂರ ಕೂರಿಸಿದಳು. ರಾಜಮಾಬಿ ಅದನ್ನೇ ನೋಡುತ್ತಿದ್ದಳು. ಎಷ್ಟು ಸುಲಭದ ಕೆಲಸ.

"ಆತ್ರಿ, ಹೋಗ್ರಿ," ಎಂದಳು ರೂಬಿನಾ ಕೊನೆಗೆ. "ಇವತ್ತು ನಾಳೆ ತೋಳು ನೋಯ್ತೈತಿ, ಸ್ವಲ್ಪ ಮೈ ಬಿಸಿ ಆಗಬಹುದು. ಅಂಜಬ್ಯಾಡ್ರಿ."

ಸಾವಿತ್ರೆವ್ವ ಮುಂದೆ ಮುಂದೆ ನಡೆದಳು. ಬಣ್ಣದ ತೊಟ್ಟಿಲುಗಳ ಅಂಗಡಿ ದಾಟಿದಳು, ಬಸ್ ನಿಲ್ದಾಣದ ಬಾಗಿಲನ್ನೂ ದಾಟಿದಳು. ರಾಜಮಾಬಿ ನೋಯುವ ಮಂಡಿ ಎಳೆಯುತ್ತ ಹಿಂದೆ ಹೋದಳು. ಹಣ್ಣಿನ ಗಾಡಿಯ ಮುಂದೆ ಸಾವಿತ್ರೆವ್ವ ನಿಂತಳು. ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು, ಅಲ್ಲಿಯೇ ಕಟ್ಟೆಯ ಮೇಲೆ ಕೂತು ಒಂದನ್ನು ಸುಲಿದಳು. ಔಷಧ ತಿನ್ನುವವರಂತೆ ಸಣ್ಣ ಸಣ್ಣ ತುಂಡು ಮಾಡಿ ತಿಂದಳು. ನಡುವೆ ಒಮ್ಮೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ತಿಂದಳು. ಸಕ್ಕರೆ ಕಾಯಿಲೆಯವಳು, ಎರಡನೆಯದನ್ನೂ ಸುಲಿದಳು.

"ಒಂದ ಸಾಕು ಬೇ, ಸಕ್ಕರಿ ಏರ್ತೈತಿ," ಎಂದು ರಾಜಮಾಬಿಯ ಬಾಯಿಂದ ತಾನಾಗಿಯೇ ಬಂತು.

"ನೀ ಸುಮ್ನಿರು. ನಿನ್ನ ಮ್ಯಾಲ ನನಗ ಸಿಟ್ಟೈತಿ."

ಅರ್ಧ ತಿಂದು, ಉಳಿದ ಅರ್ಧವನ್ನು ನೋಡಿ, ರಾಜಮಾಬಿಯ ಕಡೆ ಚಾಚಿದಳು. "ತಗೋ. ಬೆಳಗಿನಿಂದ ಏನೂ ತಿಂದಿಲ್ಲ ನೀ."

ರಾಜಮಾಬಿ ತಿಂದಳು. ತಿಂದ ಮೇಲೆ ಕೈಚೀಲದಿಂದ ಲಕೋಟೆ ತೆಗೆದು ಕಟ್ಟೆಯ ಮೇಲೆ ಇಟ್ಟಳು. ಅದಕ್ಕೆ ಲೋಬಾನದ ವಾಸನೆ ಹತ್ತಿತ್ತು.

"ಏನಿದು?"

"ಅವಾಗ ಬರದದ್ದು. ನಿಮ್ಮ ಬೀಗತಿಗೆ."

"ಅವಾಗಿಂದ ಇಟ್ಕೊಂಡೀ?" ಸಾವಿತ್ರೆವ್ವ ಲಕೋಟೆಯನ್ನು ತಿರುಗಿಸಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. "ಫೋನ್ ಹಚ್ಚಿ ಹೇಳಬಾರ್ದಿತ್ತು?"

"ಫೋನಿನ್ಯಾಗ ಒಮ್ಮೆ ಸುಳ್ಳು ಹೇಳೀನಿ. ಅದ ಫೋನಿನ್ಯಾಗ ಖರೇ ಹೇಳಿದ್ರ ಯಾರು ನಂಬ್ತಾರ?"

"ಓದು."

ರಾಜಮಾಬಿ ಲಕೋಟೆ ಹರಿದು, ಕನ್ನಡಕ ಏರಿಸಿ, ಅಕ್ಷರಕ್ಕೆ ಬೆರಳಿಟ್ಟು ಓದಿದಳು.

"ತಿರ್ಲಾಪುರದ ಮಲ್ಲಕ್ಕನವರಿಗೆ ಮಿಶ್ರಿಕೋಟಿಯಿಂದ ರಾಜಮಾಬಿ ಬರೆಯುವುದು. ನಿಮ್ಮ ಮೊಮ್ಮಗನಿಗೆ ಎರೆದವಳು ನಾನು. ಆ ವಾರ ನನಗೆ ಜ್ವರ ಇತ್ತು. ಜ್ವರ ಮುಚ್ಚಿಟ್ಟು ಎರೆದೆ, ಮೂಗಿಗೆ ಊದಿದೆ. ಕೇಳಿದಾಗ ಇಲ್ಲ ಅಂದೆ. ನಿಮ್ಮ ಸೊಸೆ ತಿಂದದ್ದು ಅರ್ಧ ಬಾಳೆಹಣ್ಣು. ಅದರ ಮೇಲೆ ತಪ್ಪು ಹಾಕಬೇಡಿರಿ. ಆಡಬೇಕಾದ ಮಾತು ಇದ್ದರೆ ನನಗೆ ಆಡಿರಿ."

"ಅರ್ಧ ಅಲ್ಲ," ಎಂದಳು ಸಾವಿತ್ರೆವ್ವ.

"ಅರ್ಧ ಅಂತ ನೀನ ಹೇಳಿದ್ದಿ ಎಲ್ಲಾರ ಮುಂದ."

"ಅಂಜಿ ಹೇಳಿದ್ದೆ. ಪೂರ್ತಿ ಒಂದು ಕೊಟ್ಟಿದ್ದೆ. ಖರೇ ಬರಿಯೂದಿದ್ರ ಪೂರ್ತಿ ಖರೇ ಬರಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಾವಿತ್ರೆವ್ವನಿಗೆ ನಗು ಬಂದಿತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂದಂತೆ ಮುಖ ತಿರುಗಿಸಿದಳು.

ಅಂಚೆ ಕಚೇರಿಯಲ್ಲಿ ಹೊಸ ಲಕೋಟೆ ಕೊಂಡು, ಅಲ್ಲಿಯ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿನಿಂದ ರಾಜಮಾಬಿ ತಿದ್ದಿದಳು. 'ಅರ್ಧ' ಹೊಡೆದುಹಾಕಿ 'ಒಂದು' ಮಾಡಿದಳು. ಕೆಳಗೆ ಉಳಿದ ಜಾಗದಲ್ಲಿ ಸಾವಿತ್ರೆವ್ವ ಹೇಳಿದಂತೆ ಬರೆದಳು.

"ಶೈಲಾ ಬಸುರಿ ಅದಾಳ, ಆಕೀಗೂ ಈ ಸೂಜಿ ಬೇಕಾಗ್ತೈತೇನು ಅಂತ ಅಲ್ಲಿ ಡಾಕ್ಟರ್ನ ಕೇಳ್ರಿ ಅಂತ ಬರಿ. ನಾವಿಬ್ರೂ ಮಾಡಿಸ್ಕೊಂಡೇವಿ ಅಂತ ಬರಿ. ಮತ್ತ, 'ಸಾವಿತ್ರೆವ್ವಗ ಇವತ್ತ ಗೊತ್ತಾಗೈತಿ, ಆಕಿಗೂ ನನ್ನ ಮ್ಯಾಲ ಸಿಟ್ಟೈತಿ' ಅಂತ ಬರಿ."

"ಅದನ್ನೂ?"

"ಅದನ್ನ ಬರೀದಿದ್ರ ನಾವಿಬ್ರೂ ಕೂಡಿ ಕತಿ ಕಟ್ಟೇವಿ ಅಂತಾಳ ಬೀಗತಿ."

ರಾಜಮಾಬಿ ಬರೆದಳು. ಬರೆಯುತ್ತ ತಲೆಯೆತ್ತದೆಯೇ ಹೇಳಿದಳು. "ನಾಳೆ ರೇಣುಕವ್ವನ ಮನಿಗೆ ಹೋಗಿ ಎಲ್ಲಾ ಹೇಳ್ತೇನಿ. ಎರಡು ವಾರ ಎರಿಯಾಕ ಬರೂದಿಲ್ಲ ಅಂತೇನಿ. ಆಮ್ಯಾಲ ಕರದ್ರ ಕರೀಲಿ, ಇಲ್ಲಂದ್ರ ಇಲ್ಲ."

"ಆಕಿ ಕರೀತಾಳೋ ಇಲ್ಲೋ ನನಗ್ಗೊತ್ತಿಲ್ಲ," ಎಂದಳು ಸಾವಿತ್ರೆವ್ವ. ಸ್ವಲ್ಪ ತಡೆದು, "ಜ್ವರ ಬಂದ ದಿನ ಬರೂದಿಲ್ಲ ಅಂತ ಬಾಯಿ ಬಿಟ್ಟು ಹೇಳಾಕಿ ಆದ್ರ, ನಾ ಕರೀತಿದ್ದೆ," ಎಂದಳು.

ಕಿಟಕಿಯಲ್ಲಿ ಕೂತಿದ್ದ ಹುಡುಗನಿಗೆ ಅವಳೇ ಹೇಳಿದಳು. "ರಜಿಸ್ಟರ್ ಮಾಡ್ರಿ ತಮ್ಮಾ. ಬಂದಿಲ್ಲ ಅನ್ನಾಕ ಬರಬಾರ್ದು."

"ಈಗ ಸ್ಪೀಡ್ ಪೋಸ್ಟ್ ಅಷ್ಟ ಐತ್ರಿ ಆಯಿ. ಸಹಿ ತಗೊಂಡನ ಕೊಡ್ತಾರ."

"ಯಾವಾಗ ಮುಟ್ತೈತಿ?"

"ನಾಡದು."

ರಾಜಮಾಬಿ ಲಕೋಟೆಯನ್ನು ಕಿಟಕಿಯೊಳಗೆ ಚಾಚಿದಳು. ಸೂಜಿ ಮಾಡಿದ ತೋಳು ಆಗಲೇ ನೋಯಲು ಶುರುವಾಗಿತ್ತು. ಹುಡುಗ ಲಕೋಟೆ ಹಿಡಿದು ಎಳೆದಾಗಲೂ ಅವಳ ಬೆರಳು ಸಡಿಲಾಗಲಿಲ್ಲ.

"ಬಿಡ್ರಿ ಆಯಿ," ಎಂದ ಅವನು.

ಅವಳು ಬಿಟ್ಟಳು. ಅವನು ತೂಗಿ, ಪಟ್ಟಿ ಅಂಟಿಸಿ, ಮುದ್ರೆ ಒತ್ತಿ, ಪಕ್ಕದ ಚೀಲದೊಳಗೆ ಹಾಕಿದ.